ಚೌಡಮ್ಮನ ರಾಜಪಾರ್ಟು

ನವುಲೆ, ಶಿವಮೊಗ್ಗ
ಮೇ ೧೮, ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಮಸ್ಕತ್ತಿನ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿಕೊಂಡು, ಅಲ್ಲಿನ ನರ್ಸಮ್ಮನೇ ಮುಲಾಮು ತಿಕ್ಕಿಕೊಂಡು ಕುಂಟುವುದು ಯಾವ ನ್ಯಾಯ? ಒಂದು ಸಲ ತೋರಿಸಿಕೋ ಮಾರಾಯ್ತಿ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ನೀನು ಫೋನ್ ಮಾಡಿದಾಗೆಲ್ಲ ಅಜ್ಜಿ ಪಕ್ಕದಲ್ಲೇ ಕೂತಿರುತ್ತಾಳೆ. ಅವಳ ವಿಷಯ ಅವಳ ಎದುರಿಗೆ ಹೇಗೆ ಹೇಳಲಿ? ವೇದಾ ಆಂಟಿ ರಜೆ ಮುಗಿಸಿ ನಿಮ್ಮ ಹಾಸ್ಟೆಲಿಗೆ ವಾಪಸ್ ಬರುತ್ತಿದ್ದಾರಲ್ಲ, ಅವರ ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಜೊತೆ ಇದನ್ನೂ ಕಳಿಸುತ್ತಿದ್ದೇನೆ.

ಅಜ್ಜಿಗೆ ಊಟ, ನಿದ್ದೆ ಎಲ್ಲ ಚೆನ್ನಾಗಿದೆ. ಆದರೆ ಯುಗಾದಿಯಿಂದೀಚೆಗೆ ಮರೆವು ತುಂಬಾ ಜಾಸ್ತಿಯಾಗಿದೆ. ಹಾಲು ಉಕ್ಕಿಸುವುದು, ನಲ್ಲಿ ಬಿಟ್ಟು ಬರುವುದು ಮಾತ್ರ ಆಗಿದ್ದರೆ ನಾನೂ ಅಷ್ಟೇ ಬಿಡು ಅಂತ ಸುಮ್ಮನಿರಬಹುದಿತ್ತು. ಮೊನ್ನೆ ಸಂಜೆ ನಾನು ಬಾಗಿಲು ತಟ್ಟಿದರೆ ಕಿಟಕಿಯಿಂದ ನೋಡಿ, "ಯಾರ ಮನೆ ಹುಡುಗಿನಮ್ಮಾ ನೀನು? ನಮ್ ಸ್ಫೂರ್ತಿ ಕಾಲೇಜಿಂದ ಇನ್ನೂ ಬಂದಿಲ್ಲ" ಅಂದಳು. ಚಿಲಕ ತೆಗೆಯಲೇ ಇಲ್ಲ. ಮೆಟ್ಟಿಲ ಮೇಲೆ ಕೂತೆ. ಆಮೇಲೆ ಅವಳೇ ಬಾಗಿಲು ತೆಗೆದು, "ಬಿಸಿಲಲ್ಲಿ ಯಾಕೇ ಕೂತಿದೀಯ, ಕಾಫಿ ಆರಿಹೋಗುತ್ತೆ" ಎಂದು ಬೈದಳು. ಡಾಕ್ಟರಿಗೆ ತೋರಿಸಿದ್ದೇನೆ. ಮಾತ್ರೆ ಕೊಟ್ಟಿದ್ದಾರೆ, ಒಬ್ಬರನ್ನೇ ಬಿಡಬೇಡಿ ಅಂದಿದ್ದಾರೆ. ನಾನು ಹೊರಗೆ ಹೋದಾಗ ಪಕ್ಕದ ಮನೆಯವರು ಬಂದು ಕೂರುತ್ತಾರೆ. ಅವರಾದರೂ ಎಷ್ಟು ದಿನ ಅಂತ ಕೂತಾರು?

ಇನ್ನು ಕಾಲೇಜಿನ ಸುದ್ದಿ. ನಮ್ಮ ಫಿಲಂ ವಿಭಾಗಕ್ಕೆ ಸಂಶೋಧನೆಯ ಅನುದಾನ ಬಂದಿದ್ದು, ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸರ ನಾಟಕ ತಂಡದ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದುದು ನಿನಗೆ ಗೊತ್ತೇ ಇದೆ. ಚೌಡಮ್ಮನ ಬಗ್ಗೆ ಫೋನಿನಲ್ಲಿ ಹೇಳಿ ನಗಿಸಿದ್ದೆ, ನೆನಪಿದೆಯಾ? ಪ್ರತಿವರ್ಷ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ರಾಜನ ಪಾರ್ಟು ಮಾಡುತ್ತಿದ್ದ ಮುದುಕಿ. ಮೊದಲ ದಿನ ನಾನು ಕ್ಯಾಮೆರಾ ಇಟ್ಟಾಗ ಅವರು ಸೆರಗು ಸೊಂಟಕ್ಕೆ ಕಟ್ಟಿ, ಅಡುಗೆಮನೆಯ ಹೊಸಿಲನ್ನೇ ರಂಗ ಮಾಡಿಕೊಂಡು, ಮಂತ್ರಿಯನ್ನು ಗದರಿಸಿದ್ದೇ ಗದರಿಸಿದ್ದು. ಅಕ್ಕಪಕ್ಕದ ತಮಿಳು ಹೆಂಗಸರು ಬಾಗಿಲಲ್ಲಿ ನಿಂತು ಶಿಳ್ಳೆ ಹಾಕಿದ್ದರು. ಅಷ್ಟನ್ನು ನಿನಗೆ ಹೇಳಿದ್ದೆ. ಆಮೇಲಿನದನ್ನು ಹೇಳಿರಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಹೋದೆ. ಕ್ಯಾಮೆರಾ ಆನ್ ಮಾಡಿ ಕೂತಿದ್ದೆ. ಮಾತಾಡುತ್ತಿದ್ದ ಚೌಡಮ್ಮ ಸುಮ್ಮನಾಗಿ ನನ್ನನ್ನೇ ನೋಡಿದರು. ನಾನು ಯಾರೆಂದು ಅವರಿಗೆ ತಿಳಿಯಲಿಲ್ಲ. ಸ್ಟ್ಯಾಂಡು, ಮೈಕು, ನನ್ನ ಕೈಯಲ್ಲಿದ್ದ ಕಾಗದ ನೋಡಿ ಎದ್ದು ನಿಂತು ಕೈ ಮುಗಿದುಬಿಟ್ಟರು. "ಮನೆ ಖಾಲಿ ಮಾಡ್ಸೋಕೆ ಬಂದ್ರಾ ತಾಯಿ? ಯಜಮಾನ್ರು ಡ್ಯೂಟಿಗೆ ಹೋಗಿದಾರೆ. ಅವ್ರು ಬರೋಗಂಟ ಸಾಮಾನು ಹೊರಗೆ ಹಾಕ್ಬೇಡ್ರಿ" ಎಂದು ಅಳತೊಡಗಿದರು. ಅವರ ಗಂಡ ತೀರಿಕೊಂಡು ಎಷ್ಟೋ ಕಾಲವಾಗಿದೆ. ನಾನು ಏಳಬೇಕಿತ್ತು, ಕ್ಯಾಮೆರಾ ಆಫ್ ಮಾಡಬೇಕಿತ್ತು, ಎರಡೂ ಮಾಡಲಿಲ್ಲ. ಅವರ ಸೊಸೆ ಜಗದಾಂಬಾ ಹಿತ್ತಲಿಂದ ಓಡಿಬಂದು ಅತ್ತೆಯನ್ನು ತಬ್ಬಿಕೊಂಡು ಒಳಗೆ ಕರೆದೊಯ್ದರು. ಹೊರಡುವಾಗ ನನ್ನ ಹಿಂದೆಯೇ ಬಸ್ ಸ್ಟಾಪಿನವರೆಗೆ ಬಂದರು. "ಇದನ್ನ ಯಾರಿಗೂ ತೋರಿಸ್ಬೇಡ ಕಣಮ್ಮಾ. ಊರೆಲ್ಲ ಅವ್ರನ್ನ ರಾಜ ಅಂತಾನೇ ನೋಡಿದಾರೆ" ಅಂದರು. ತೋರಿಸುವುದಿಲ್ಲ ಎಂದು ಮಾತು ಕೊಟ್ಟೆ.

ನಮ್ಮ ಗೈಡ್ ಹಾಲಸ್ವಾಮಿ ಸರ್ ಚಿತ್ರೀಕರಿಸಿದ್ದನ್ನೆಲ್ಲ ನೋಡಿ ಆ ತುಣುಕಿನ ಹತ್ತಿರ ನಿಲ್ಲಿಸಿದರು. "ನಿನ್ನ ಫಿಲಂ ಇದೇ ಸ್ಫೂರ್ತಿ. ಉಳಿದದ್ದೆಲ್ಲ ಬರೀ ಮಾಹಿತಿ" ಅಂದರು. ನಾನು ಜಗದಾಂಬಾಗೆ ಕೊಟ್ಟ ಮಾತು ಹೇಳಿದೆ. ಚಿತ್ರೀಕರಣಕ್ಕೆ ಆ ಮನೆಯವರೇ ಮೊದಲು ಒಪ್ಪಿಗೆ ಕೊಟ್ಟಿದ್ದರಲ್ಲ ಅಂದರು. ಸರ್ ಕೆಟ್ಟವರೆಂದು ತಿಳಿಯಬೇಡ ಅಮ್ಮಾ. ಆ ಅನುದಾನಕ್ಕೆ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದು ಅವರ ಚಪ್ಪಲಿ ಸವೆದಿದೆ. "ನಿನ್ನದು ಸಪ್ಪೆಯಾದರೆ ಮುಂದಿನ ಬ್ಯಾಚಿನ ಮಕ್ಕಳಿಗೆ ದುಡ್ಡು ಕೊಡಲ್ಲ. ನಮ್ಮಂಥ ಊರಿನ ಕಾಲೇಜಿಗೆ ಎರಡನೇ ಅವಕಾಶ ಯಾರು ಕೊಡ್ತಾರೆ?" ಎಂದು ಕೇಳಿದರು. ಪುಣೆಯಲ್ಲಿ ಹಳೆಯ ಫಿಲಂ ರೀಲುಗಳನ್ನು ದುರಸ್ತಿ ಮಾಡುವ ಕಡೆ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದ್ದೆನಲ್ಲ, ಅದಕ್ಕೆ ಶಿಫಾರಸು ಬರೆಯಬೇಕಾದವರೂ ಅವರೇ. ಬಸ್ಸಿನಲ್ಲಿ ಬರುತ್ತಾ ಆ ತುಣುಕನ್ನು ಹಾಕಿಬಿಡೋಣ ಅಂತಲೇ ಅಂದುಕೊಂಡೆ. ಎಲ್ಲೋ ಕತ್ತಲ ಹಾಲಿನಲ್ಲಿ ಕೂತು ನೋಡುವವರಿಗೆ ಚೌಡಮ್ಮ ಯಾರೋ ಏನೋ. ಮನೆಗೆ ಬಂದರೆ ಅಜ್ಜಿ ಸೀರೆ ಉಡುವುದು ಹೇಗೆಂದು ಮರೆತು, ನೆರಿಗೆ ಕೈಯಲ್ಲಿ ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದಳು. ನನ್ನನ್ನು ನೋಡಿ ನಾಚಿ ಗೋಡೆಯ ಕಡೆ ತಿರುಗಿಕೊಂಡಳು. ಸೀರೆ ಉಡಿಸಿದೆ. ಆ ತುಣುಕು ಹಾಕಲಿಲ್ಲ.

ಏಪ್ರಿಲ್‌ನಲ್ಲಿ ಕಾಲೇಜಿನಲ್ಲಿ ಪ್ರದರ್ಶನವಾಯಿತು. ಜಗದಾಂಬಾ ಅತ್ತೆಯನ್ನು ಇಸ್ತ್ರಿ ಮಾಡಿದ ಸೀರೆಯಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಚೌಡಮ್ಮ ಮಂತ್ರಿಯನ್ನು ಗದರಿಸುವ ಭಾಗ ಬಂದಾಗ, ಕೆಳಗೆ ಕೂತಿದ್ದ ಚೌಡಮ್ಮನೇ ಮುಂದಕ್ಕೆ ಬಾಗಿ ನೋಡಿ, "ಯಾರದು? ಪಸಂದಾಗಿ ಮಾಡ್ತಾರೆ. ನಮ್ ತಂಡಕ್ಕೆ ಸೇರ್ಸ್ಕೋಬೇಕು" ಎಂದು ಜೋರಾಗಿ ಹೇಳಿದರು. ಹುಡುಗರು ನಕ್ಕರು. ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅನುದಾನ ಕೊಟ್ಟವರ ಕಡೆಯಿಂದ ಬಂದಿದ್ದ ತಜ್ಞರು "ಶ್ರಮ ಕಾಣುತ್ತೆ, ಜೀವ ಸಾಲದು" ಎಂದು ಬರೆದು ಹೋದರು. ಮುಂದಿನ ವರ್ಷದ ಅನುದಾನ ಸದ್ಯಕ್ಕಿಲ್ಲವಂತೆ. ಜೂನಿಯರ್‌ಗಳು ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಬರುವುದಿಲ್ಲ. ಅವರದೂ ತಪ್ಪಲ್ಲ. ನಾನು ಮಾಡಿದ್ದು ಸರಿಯೋ ಅಲ್ಲವೋ ಯೋಚಿಸಿ ಯೋಚಿಸಿ ಸುಸ್ತಾಗಿದೆ. ಇನ್ನೊಂದು ಸಲ ಹೀಗೇ ಆದರೂ ಹೀಗೇ ಮಾಡುತ್ತೇನೆ ಅನ್ನುವುದಷ್ಟೇ ಗೊತ್ತು. ಪುಣೆಯ ಆಸೆಯನ್ನೂ ಬಿಟ್ಟಿದ್ದೇನೆ. ಇಲ್ಲೇ ಮದುವೆ ವಿಡಿಯೋ ಎಡಿಟ್ ಮಾಡಿಕೊಂಡು ಅಜ್ಜಿಯ ಜೊತೆ ಇರುತ್ತೇನೆ, ನೀನು ಚಿಂತೆ ಮಾಡಬೇಡ.

ಕುಂಸಿಯ ರುದ್ರೇಶ್ ಮಾಮ ಕೇಳಿದ ಅಂತ ಹೇಳು ಅಂದಿದ್ದಾನೆ. ಅಜ್ಜಿ ವಿಭೂತಿ ಪೊಟ್ಟಣ ಕಟ್ಟಿ ಕೊಟ್ಟು, "ನನ್ ಮಗಳಿಗೆ ಬಿಸಿನೀರು ಕುಡಿಯೋಕೆ ಹೇಳು" ಎಂದಿದ್ದಾಳೆ. ಪೊಟ್ಟಣ ಚಟ್ನಿಪುಡಿಯ ಡಬ್ಬಿಯ ಮೇಲಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಗಳು,
ಸ್ಫೂರ್ತಿ

ತಾ.ಕ.: ವೇದಾ ಆಂಟಿ ಗೇಟಿನಲ್ಲಿ ಆಟೋ ನಿಲ್ಲಿಸಿಕೊಂಡಿದ್ದಾರೆ, ಅಕ್ಷರ ಸೊಟ್ಟಗಿದ್ದರೂ ಓದಿಕೋ. ಪುಣೆಯ ಆಸೆ ಬಿಟ್ಟಿದ್ದೇನೆ ಅಂದದ್ದು ಸುಳ್ಳು. ಅವರಿಂದ ನಿನ್ನೆ ಮೇಲ್ ಬಂತು, ಆಯ್ಕೆಯಾಗಿದ್ದೇನೆ. ಹಾಲಸ್ವಾಮಿ ಸರ್ ನನಗೆ ಹೇಳದೆ ಶಿಫಾರಸು ಕಳಿಸಿದ್ದರಂತೆ. ಜುಲೈ ಒಂದಕ್ಕೆ ಸೇರಬೇಕು. ನಿನ್ನನ್ನು ಕೇಳದೆ ಬರುತ್ತೇನೆಂದು ಬರೆದುಬಿಟ್ಟೆ. ನನಗೆ ಹೋಗಬೇಕು ಅಮ್ಮಾ. ನೀನು ಊರಿಗೆ ವಾಪಸ್ ಬರುವ ಮಾತಿಗೆ ಈ ಸಲ "ಇನ್ನೊಂದು ವರ್ಷ" ಅನ್ನಬೇಡ. ಅಜ್ಜಿ ನನ್ನ ಹೆಸರು ಮರೆಯುತ್ತಾಳೆ, ಒಮ್ಮೊಮ್ಮೆ ತನ್ನದನ್ನೂ. ದಿನಾ ಬೆಳಗಾದರೆ "ದರ್ಶಿನಿ ಎದ್ದಳಾ?" ಎಂದು ಕೇಳುತ್ತಾಳೆ. ನಿನ್ನ ಹೆಸರು ಇನ್ನೂ ಮರೆತಿಲ್ಲ. ಮರೆಯುವುದರೊಳಗೆ ಬಾ.