ಮೊದಲ ಗುಂಡಿ

ಕೊಯಮತ್ತೂರು, ಫೆಬ್ರವರಿ ೧೨, ಬುಧವಾರ

ಕಾರು ಸರಿಹೋಯಿತು. ಸರಿಹೋಗದಿದ್ದರೇ ಚೆನ್ನಾಗಿತ್ತು.

ತಿಂಗಳಿಂದ ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಎಂಜಿನ್ ಏದುಸಿರು ಬಿಟ್ಟು ನಿಂತುಹೋಗುತ್ತಿತ್ತು. ಎರಡು ಸೆನ್ಸರ್ ಬದಲಿಸಿದ್ದೂ ದಂಡ. ಇವತ್ತು ಪಕ್ಕದ ಶೆಡ್ಡಿನ ದಂಡಪಾಣಿ ಬಗ್ಗಿ ನೋಡಿ ನಕ್ಕ.

"ಏನಣ್ಣಾ, ಊರವರ ಕಾರಿಗೆಲ್ಲ ವೈದ್ಯರು ನೀವು. ಸ್ವಂತ ಕಾರಲ್ಲಿ ಗಾಳಿ ಪೈಪ್ ಸೀಳಿರೋದು ಕಾಣಲಿಲ್ವಾ?"

ಪೈಪ್ ಬದಲಿಸಿದೆ. ಎಂಜಿನ್ನಿನ ಕಂಪ್ಯೂಟರ್ ಹಳೆಯದನ್ನೆಲ್ಲ ಮರೆಯಲಿ ಅಂತ, ಕೈ ರೂಢಿಯಲ್ಲಿ ಬ್ಯಾಟರಿ ವೈರ್ ಬಿಚ್ಚಿಟ್ಟೆ. ಬಿಚ್ಚುವ ಮೊದಲು ಗಿರಾಕಿಗಳನ್ನು ತಪ್ಪದೆ ಕೇಳುತ್ತೇನೆ, "ರೇಡಿಯೋ ಸ್ಟೇಷನ್ ಬರೆದಿಟ್ಕೊಂಡ್ರಾ? ಅಳಿಸಿಹೋಗುತ್ತೆ" ಅಂತ. ನನ್ನನ್ನು ಕೇಳುವವರು ಯಾರು?

ವೈರ್ ಜೋಡಿಸಿದ ಮೇಲೆ ಎಂಜಿನ್ ನಿಂತಲ್ಲೇ ಹತ್ತು ನಿಮಿಷ ಓಡಿ, ಉಸಿರಾಡುವುದನ್ನು ಹೊಸದಾಗಿ ಕಲಿಯಬೇಕು. ಸುಮ್ಮನೆ ಕೂರಲಾರದೆ ರೇಡಿಯೋದ ಮೊದಲ ಗುಂಡಿ ಒತ್ತಿದೆ. ಬರೀ ಗೊರಗೊರ. ಎರಡು ವರ್ಷದ ಹಿಂದೆ, ಕೊನೆಯ ಸಲ ಆಸ್ಪತ್ರೆಗೆ ಹೋಗುವಾಗ, ನನ್ನವಳು ಪೂಂಗೊಡಿ ತಾನೇ ಹುಡುಕಿ ಆ ಗುಂಡಿಗೆ ಹಾಕಿಟ್ಟಿದ್ದ ಹಳೇ ಹಾಡಿನ ಸ್ಟೇಷನ್ ಅಳಿಸಿಹೋಗಿತ್ತು.

"ಕೇಳಿ ಅಣ್ಣಾ, ಎಂಜಿನ್ ಈಗೆಷ್ಟು ತಣ್ಣಗೆ ಓಡ್ತಿದೆ!" ಅಂದ ದಂಡಪಾಣಿ. ಹೂಂ ಅಂದೆ.

ಹುಡುಕಿದರೆ ಅದೇ ಸ್ಟೇಷನ್ ಸಿಗುತ್ತೆ, ಗೊತ್ತು. ಆದರೆ ಇನ್ನು ಮೇಲೆ ಅದು ನಾನು ಹಾಕಿದ್ದು.