೪೧೭ನೇ ನಂಬರಿನ ಬಿಲ್ಲೆ

ಮಣಿನಗರ, ಅಹಮದಾಬಾದ್
೧೮ ಸೆಪ್ಟೆಂಬರ್ ೧೯೬೭, ಸೋಮವಾರ ಮಧ್ಯಾಹ್ನ

ಪ್ರೀತಿಯ ಜಯಾ,

ನಿನ್ನ ಕಾಗದ ಶುಕ್ರವಾರ ಕೈಸೇರಿತು. ದಸರಾ ರಜಕ್ಕೆ ತಿರುವನಂತಪುರದಿಂದ ನೀವು ಮೂವರೂ ಹೊರಟು ಬರುತ್ತೀರೆಂದು ಓದಿ ನಾನು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ ಕಣೆ. ಕೊನೆಯಲ್ಲಿ ಸುಮಿ ತನ್ನ ದಪ್ಪಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾಳಲ್ಲ, "ಕಾಮಾಕ್ಷಿ ದೊಡ್ಡಮ್ಮ, ನಾನು ಬರ್ತೀನಿ ಅಂತ ಬೆಲ್ಲಂಗೆ ಹೇಳಿ" ಅಂತ, ಆ ಸಾಲನ್ನೇ ಮೂರು ದಿನದಿಂದ ಮತ್ತೆ ಮತ್ತೆ ಓದುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ಬೆಲ್ಲ ಸತ್ತು ಎರಡು ವರ್ಷವಾಗುತ್ತ ಬಂತು, ಜಯಾ. ನನ್ನಿಂದಲೇ ಸತ್ತ. ಇಷ್ಟು ದಿನ "ಬೆಲ್ಲ ಚೆನ್ನಾಗಿದ್ದಾನೆ" ಎಂದು ನಾನು ಬರೆದದ್ದೆಲ್ಲ ಸುಳ್ಳು. ಈ ಕಾಗದವನ್ನು ಹರಿದು ಬಿಸಾಡುವುದಾದರೆ ಕೊನೆಯವರೆಗೆ ಓದಿ ಆಮೇಲೆ ಬಿಸಾಡು. ನಿನ್ನಿಂದ ನನಗೆ ಒಂದು ಕೆಲಸ ಆಗಬೇಕಾಗಿದೆ. ಅದು ನಿನ್ನೊಬ್ಬಳಿಂದಲೇ ಆಗುವಂಥದ್ದು.

ನಾವಿಬ್ಬರೂ ವಾರ್ಡ್ ಕಚೇರಿಗೆ ಹೋದ ದಿನ ನಿನಗೆ ನೆನಪಿದೆಯೇ? ನಿಮ್ಮ ಅನಂತರಾಮಯ್ಯನವರಿಗೆ ವರ್ಗವಾಗಿ, ಟ್ರಂಕು ಕಟ್ಟುವ ಗಡಿಬಿಡಿಯಲ್ಲೂ ನೀನು ನಾಯಿಯ ಲೈಸೆನ್ಸಿನ ಚೀಟಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದೆ. ಬೆಲ್ಲನನ್ನು ನನ್ನ ಹೆಸರಿಗೆ ಬರೆಸಬೇಕಿತ್ತು. ಆ ಕನ್ನಡಕದ ಗುಮಾಸ್ತ ನಿಯಮಗಳನ್ನು ಗುಜರಾತಿಯಲ್ಲಿ ಓದಿ, ನಮ್ಮ ಮುಖ ನೋಡಿ, ಮತ್ತೆ ಹಿಂದಿಯಲ್ಲಿ ಬಿಡಿಸಿ ಹೇಳಿದ. ಹಿತ್ತಾಳೆಯ ಬಿಲ್ಲೆ ನಾಯಿಯ ಕುತ್ತಿಗೆಯಲ್ಲಿ ಸದಾ ಇರಬೇಕು. ಬಿಲ್ಲೆಯಿಲ್ಲದೆ ಬೀದಿಯಲ್ಲಿ ಕಂಡರೆ ಮುನಿಸಿಪಾಲಿಟಿ ಗಾಡಿಯವರು ಹಿಡಿಯುತ್ತಾರೆ, ಮೂರು ದಿನ ದೊಡ್ಡಿಯಲ್ಲಿ ಇಟ್ಟುಕೊಳ್ಳುತ್ತಾರೆ, ಯಾರೂ ಬರದಿದ್ದರೆ ಮುಗಿಸುತ್ತಾರೆ. ಯಾರನ್ನಾದರೂ ಕಚ್ಚಿದರೆ ಪುಸ್ತಕದಲ್ಲಿ ಹೆಸರಿದ್ದವರೇ ಹೊಣೆ. ನಾಯಿ ಸತ್ತರೆ ಬಿಲ್ಲೆ ತಂದೊಪ್ಪಿಸಿ ಪುಸ್ತಕದಿಂದ ಹೆಸರು ಹೊಡೆದುಹಾಕಿಸಬೇಕು. ನಾನು ನಗುತ್ತಲೇ ಕನ್ನಡದಲ್ಲಿ ಸಹಿ ಹಾಕಿದೆ. ಅವನು ಆ ಗುಂಡಗುಂಡಗಿನ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿ, "ಹವೇ ಆ ಕೂತರಾನಾ ಜವಾಬ್ದಾರ್ ತಮೇ, ಬೇನ್" ಎಂದ. ಇನ್ನು ಈ ನಾಯಿಗೆ ಜವಾಬ್ದಾರಳು ನೀವು, ಅಂತ. ಹೊರಗೆ ಬಂದು ನೀನು ಅವನ ಹಾಗೆಯೇ ಮೂಗಿನ ತುದಿಗೆ ಕನ್ನಡಕ ಇಳಿಸಿ ಅಣಕಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಮ್ಮತ್ತೆಯ ಮಡಿ ನಿನಗೆ ಗೊತ್ತಿದ್ದದ್ದೇ. ನಾಯಿ ಬೇಡವೇ ಬೇಡ ಎಂದು ಹಟ ಹಿಡಿದವರು, ನಿಮ್ಮ ಸುಮಿ ಅತ್ತದ್ದು ನೋಡಿ ಕರಗಿದರು. ಆದರೂ ಹಿತ್ತಲ ಬಾಗಿಲ ಹೊಸಲು ದಾಟಕೂಡದು ಎಂದು ಕಟ್ಟುಮಾಡಿದರು. ನಾಯಿಗಿಂತ ಅವರ ಕಣ್ಣಿಗೆ ಚುಚ್ಚುತ್ತಿದ್ದುದು ಅದರ ಕುತ್ತಿಗೆಯ ತೊಗಲಿನ ಪಟ್ಟಿ. "ಪ್ರಾಣಿ ಏನೋ ದೇವರು ಮಾಡಿದ್ದು, ಆ ಚರ್ಮ ಯಾಕೇ?" ಎನ್ನುತ್ತಿದ್ದರು. ಹಾಗಾಗಿ ಹಬ್ಬ ಹುಣ್ಣಿಮೆಯ ದಿನ ಪಟ್ಟಿ ಬಿಚ್ಚಿ ಬಚ್ಚಲ ಗೋಡೆಯ ಮೊಳೆಗೆ ನೇತುಹಾಕುವುದು, ಅಡುಗೆ ಮುಗಿದ ಮೇಲೆ ಮತ್ತೆ ಕಟ್ಟುವುದು ನನಗೆ ರೂಢಿಯಾಯಿತು. ಪಟ್ಟಿಯ ಜೊತೆ ಬಿಲ್ಲೆಯೂ ಬಿಚ್ಚಿಬರುತ್ತದೆ ಎನ್ನುವ ಬುದ್ಧಿ ಈ ಮಂಕುದಿಣ್ಣೆಗೆ ಬೇಡವೇ!

ಆ ವರ್ಷದ ಕಾರ್ತಿಕದಲ್ಲಿ ನಮ್ಮ ಮಾವನವರ ಶ್ರಾದ್ಧ ಬಂತು. ಈ ಊರಿನಲ್ಲಿ ಶ್ರಾದ್ಧಕ್ಕೆ ಕೂರಲು ನಮ್ಮ ಕಡೆಯವರು ಸಿಗುವ ಕಷ್ಟ ನಿನಗೆ ಗೊತ್ತು. ಒಬ್ಬರನ್ನು ಬರೋಡಾದಿಂದ ಕರೆಸಿದ್ದೆವು. ಶ್ರಾದ್ಧದ ಅಡುಗೆಯ ಮೇಲೆ ನಾಯಿಯ ಕಣ್ಣು ಬೀಳಬಾರದಲ್ಲ, ಅದಕ್ಕೆ ಬೆಲ್ಲನ ಪಟ್ಟಿ ಬಿಚ್ಚಿ, ಹಳೆಯ ಸೀರೆಯ ಅಂಚಿನಿಂದ ಹಿತ್ತಲ ಬೇವಿನ ಮರಕ್ಕೆ ಕಟ್ಟಿ, ತಲೆಗೆ ನೀರು ಹೊಯ್ದುಕೊಂಡು ಒದ್ದೆಸೀರೆಯಲ್ಲಿ ಒಲೆಯ ಮುಂದೆ ಕೂತೆ. ಸೀರೆಯ ಅಂಚು ಅವನಿಗೆ ಯಾವ ಲೆಕ್ಕ! ಕಡಿದುಕೊಂಡು ಬೀದಿಗೆ ಹೋಗಿದ್ದಾನೆ.

ಹನ್ನೆರಡು ಗಂಟೆಯ ಹೊತ್ತು. ವಡೆ ಎಣ್ಣೆಯಲ್ಲಿತ್ತು. ಪಕ್ಕದ ಮನೆಯ ತಾರಾಬೇನ್ ಗೋಡೆಯಾಚೆಯಿಂದ ಕೂಗಿದರು, "ಕಾಮಾಕ್ಷಿಬೇನ್, ಜಲ್ದಿ ಆವೋ! ತಮಾರಾ ಕೂತರಾನೆ ಲಯೀ ಜಾಯ್ ಛೇ!" ನಿಮ್ಮ ನಾಯಿಯನ್ನು ಒಯ್ಯುತ್ತಿದ್ದಾರೆ, ಬೇಗ ಬನ್ನಿ ಎಂದು. ಕೇಳಿಸಿತು, ಜಯಾ. ಕೇಳಿಸಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು, ಆದರೆ ಸ್ಪಷ್ಟವಾಗಿ ಕೇಳಿಸಿತು. ಬೆಲ್ಲ ಕೂಗಿದ್ದೂ ಕೇಳಿಸಿತು. ಮೊಳೆಯ ಮೇಲಿನ ಬಿಲ್ಲೆ ಹಿಡಿದು ಓಡಿದ್ದರೆ ಐವತ್ತು ಹೆಜ್ಜೆ. ಆದರೆ ತೊಗಲು ಮುಟ್ಟಿದರೆ ಮಡಿ ಹೋಯಿತು, ಮತ್ತೆ ಸ್ನಾನ, ಮತ್ತೆ ಅಡುಗೆ, ಹಸಿದು ಕೂತ ಬ್ರಾಹ್ಮಣರು, ಅತ್ತೆಯ ಮುಖ. ನಾನು ವಡೆ ಮಗುಚಿ ಹಾಕಿದೆ. ಮೂರು ದಿನ ಇಟ್ಟುಕೊಳ್ಳುತ್ತಾರಲ್ಲ, ನಾಳೆ ಬಿಡಿಸಿಕೊಂಡು ಬಂದರಾಯಿತು ಎಂದುಕೊಂಡೆ.

ಮರುದಿನ ಮನೆ ತುಂಬ ನೆಂಟರು. ಮೂರನೆಯ ದಿನ ಅವರನ್ನು ರೈಲು ಹತ್ತಿಸಿದ್ದಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೋದೆ. ನನ್ನ ಲೆಕ್ಕದಲ್ಲಿ ಅದು ಮೂರನೆಯ ದಿನ. ಶ್ರಾದ್ಧದ ದಿನವನ್ನು ನಾನು ಎಣಿಸಿಯೇ ಇರಲಿಲ್ಲ. ಅವರು ಎಣಿಸಿದ್ದರು. ದೊಡ್ಡಿಯ ಕಾವಲುಗಾರ ಹೊರಗೆ ಬಂದು, ಕೆಂಚು ನಾಯಿಯಲ್ಲವೇ, ಎಡಗಿವಿ ಮಡಿಚಿತ್ತಲ್ಲವೇ, ನಿನ್ನೆ ಸಂಜೆಯೇ ಆಯಿತು ಎಂದ. ಪುಸ್ತಕ ಬಿಚ್ಚಿ, ಯಾರ ನಾಯಿ, ಬಿಲ್ಲೆಯ ನಂಬರು ಎಷ್ಟು ಎಂದು ಕೇಳಿದ. ಬಿಲ್ಲೆ ನನ್ನ ಮುಷ್ಟಿಯೊಳಗೇ ಇತ್ತು. ಬೆವರಿಗೆ ಜಾರುತ್ತಿತ್ತು. ನಾನು ಹೇಳಿದೆ, "ಅದು ನಮ್ಮದಲ್ಲ. ನಮ್ಮ ನಾಯಿ ಮನೆಯಲ್ಲೇ ಇದೆ."

ಏಕೆ ಹಾಗಂದೆ ಎಂದು ಕೇಳಬೇಡ. ನಾಚಿಕೆಯೋ, ಭಯವೋ, ಬಾಯಿಗೆ ಬಂತು. ಆ ಮಾತು ಆಡಿದ ಗಳಿಗೆಯಿಂದಲೇ ಇದೆಲ್ಲ ಶುರುವಾಯಿತೆಂದು ಈಗ ನನಗೆ ಅನಿಸುತ್ತದೆ.

ಮನೆಯಲ್ಲಿ, ಓಡಿಹೋಯಿತು, ಸಿಗಲಿಲ್ಲ ಎಂದೆ. ನಿನಗೆ, ಚೆನ್ನಾಗಿದ್ದಾನೆ ಎಂದು ಬರೆದೆ. ಹದಿನೈದು ದಿನ ಕಳೆದಿರಬೇಕು. ನಮ್ಮವರು ಸೈಕಲ್ ನಿಲ್ಲಿಸುತ್ತ, "ಅಲ್ವೇ, ಬೆಲ್ಲ ವಾಪಸ್ ಬಂದಿದಾನೆ, ನಂಗೆ ಹೇಳೋದಲ್ವಾ? ಸ್ಟೇಷನ್ನಿಂದ ಸೈಕಲ್ ಹಿಂದೇನೇ ಬಂದ. ಮೊದಲು ಪಟ್ಟಿ ಕಟ್ಟು" ಎಂದರು. ಪಟ್ಟಾಭಿರಾಮಯ್ಯ ಎಂಬ ಈ ಮನುಷ್ಯನನ್ನು ನೀನು ಬಲ್ಲೆ. ಲ್ಯಾಬೊರೇಟರಿಯಲ್ಲಿ ದಿನವೆಲ್ಲ ಮುಳ್ಳು ಎಷ್ಟು ಅಲುಗಿತೆಂದು ಅಳೆಯುವವರು, ಕಾಣದ್ದನ್ನು ಕಂಡೆ ಎನ್ನುವವರಲ್ಲ. ನಾನು ಬಾಗಿಲಿಗೆ ಬಂದು ನೋಡಿದೆ. ಸೈಕಲ್ ಇತ್ತು, ನಮ್ಮವರಿದ್ದರು, ಅವರು ಬಗ್ಗಿ ಗಾಳಿಯನ್ನು ನೇವರಿಸುತ್ತಿದ್ದರು.

ಅತ್ತೆಗೆ ಕಣ್ಣಲ್ಲಿ ಪೊರೆ. ಬಿಂದಿಗೆಯನ್ನು ಬೆಕ್ಕೆಂದು ಗದರಿಸಿದ್ದೂ ಉಂಟು. ಹಾಗಾಗಿ ಅವರು, "ಹೊಸಲಿಗೆ ಅಡ್ಡ ಮಲಗಿದೆ ನೋಡೇ, ಎಡವಿ ಬೀಳ್ತಿದ್ದೆ" ಎಂದಾಗ ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ತಾರಾಬೇನ್ ಕಣ್ಣಿಗೆ ಏನೂ ಆಗಿಲ್ಲವಲ್ಲ. ಅವರು ದಿನಾ ಕೊನೆಯ ರೊಟ್ಟಿಯನ್ನು ನಾಯಿಗೆಂದು ಗೋಡೆಯ ಬುಡದಲ್ಲಿ ಇಡುತ್ತಾರೆ. "ನಿಮ್ಮ ಬೆಲ್ಲ ಎಷ್ಟು ಸಾಧುವಾಗಿದ್ದಾನೆ, ಬೇನ್, ತಿನ್ನುವ ಸದ್ದೂ ಇಲ್ಲ" ಎಂದರು ಒಂದು ದಿನ. ನಾನು ಕಿಟಕಿಯಲ್ಲಿ ಕೂತು ಆ ರೊಟ್ಟಿಯನ್ನು ಕಾದೆ. ಉರಿಬಿಸಿಲು, ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ, ಕಾಗೆಯೂ ಇಲ್ಲ. ಒಲೆಯ ಮೇಲಿನ ಹಾಲು ಉಕ್ಕೀತೆಂದು ಒಂದೇ ಒಂದು ಸಲ ತಿರುಗಿದೆ. ಮತ್ತೆ ನೋಡಿದರೆ ರೊಟ್ಟಿ ಇರಲಿಲ್ಲ. ಬಚ್ಚಲ ಕಲ್ಲಿನಿಂದ ನಮ್ಮ ಹೊಸಲಿನವರೆಗೆ ಒದ್ದೆ ಹೆಜ್ಜೆಗಳಿದ್ದವು. ಅತ್ತೆಯನ್ನು ಕರೆಯುವಷ್ಟರಲ್ಲಿ ಆರಿಹೋದವು.

ಲೈಸೆನ್ಸ್ ನೋಡುವ ಮುದುಕ ಏಪ್ರಿಲಿನಲ್ಲಿ ಬಂದ. ನಾಯಿ ಸತ್ತಿದೆ ಎಂದು ಅವನಿಗಾದರೂ ಹೇಳಬೇಕೆಂದು ಬಾಗಿಲಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ಭುಜದ ಮೇಲಿಂದ ಹಿತ್ತಲ ಕಡೆ ನೋಡಿ, ನಾಲಿಗೆಯಿಂದ ಚ್ಚುಚ್ಚು ಎಂದು ಕರೆದು, ನಕ್ಕು, ಬರೆದುಕೊಂಡ. "ಲಾಲ್ ರಂಗ್, ಡಾಬೋ ಕಾನ್ ವಳೇಲೋ, ತಬಿಯತ್ ಸಾರೀ." ಬಣ್ಣ ಕೆಂಪು, ಎಡಗಿವಿ ಮಡಿಚಿದ್ದು, ಆರೋಗ್ಯ ಚೆನ್ನ. ನಾನು ಹಿಂದೆ ತಿರುಗಲಿಲ್ಲ. ನನ್ನ ಹಿಮ್ಮಡಿಗೆ ಬೆಚ್ಚಗೆ ಉಸಿರು ತಾಗುತ್ತಿತ್ತು.

ಎಲ್ಲರಿಗೂ ಕಾಣುತ್ತಾನೆ ಕಣೆ, ನನಗೊಬ್ಬಳಿಗೆ ಕಾಣುವುದಿಲ್ಲ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವಳಿಗೇ ಕಾಣುವುದಿಲ್ಲ. ನೋಡಿದವರೆಲ್ಲ ಹೇಳುವುದು ಒಂದೇ: ಕುತ್ತಿಗೆಯಲ್ಲಿ ಪಟ್ಟಿ ಇಲ್ಲ, ಕಟ್ಟಿ. ಕಾಣದ ಕುತ್ತಿಗೆಗೆ ಎಲ್ಲಿಂದ ಕಟ್ಟಲಿ? ಎಷ್ಟೋ ಮಧ್ಯಾಹ್ನ ಪಟ್ಟಿ ಹಿಡಿದು ಹೊಸಲ ಹತ್ತಿರ ಕೂತು "ಬಾರೋ ಬೆಲ್ಲ, ಬಾ ಕಂದ" ಎಂದು ಕರೆದಿದ್ದೇನೆ. ಅವನು ನನ್ನ ಹತ್ತಿರ ಬರುವುದಿಲ್ಲ. ಬಂದಾನಾದರೂ ಹೇಗೆ? ಅವನು ಕೂಗಿದಾಗ ನಾನು ಹೋಗಿರಲಿಲ್ಲವಲ್ಲ.

ಕಳೆದ ವಾರ ನೋಟೀಸು ಬಂತು. ಲೈಸೆನ್ಸ್ ನಂಬರ್ ೪೧೭ರ ನಾಯಿ ಬಿಲ್ಲೆಯಿಲ್ಲದೆ ತಿರುಗುತ್ತಿರುವುದು ಮೂರು ಸಲ ಕಂಡಿದೆ, ಇನ್ನೊಮ್ಮೆ ಕಂಡರೆ ಹಿಡಿಯಲಾಗುವುದು ಎಂದು. ಒಂದು ಸಲ ಒಯ್ದದ್ದು ಸಾಲದೇ? ಮತ್ತೆ ಆ ಗಾಡಿ, ಆ ಕುಣಿಕೆ, ಆ ಕೂಗು! ಸತ್ತ ಮೇಲೂ ಅವನಿಗೆ ನೆಮ್ಮದಿ ಇಲ್ಲದಂತೆ ಮಾಡಿದೆನಲ್ಲ ಎಂದು ಬಿಕ್ಕಿಬಿಕ್ಕಿ ಅತ್ತೆ.

ಅದೇ ದಿನ ವಾರ್ಡ್ ಕಚೇರಿಗೆ ಹೋದೆ. ಅದೇ ಗುಮಾಸ್ತ. ಎಲ್ಲ ಒಪ್ಪಿಕೊಂಡೆ. ನಾಯಿ ಎರಡು ವರ್ಷದ ಹಿಂದೆಯೇ ಸತ್ತಿದೆ, ಹೆಸರು ಹೊಡೆದುಹಾಕಿ ಎಂದೆ. ಅವನು ಪುಸ್ತಕದಲ್ಲಿ ಮುದುಕ ಬರೆದದ್ದನ್ನು ತೋರಿಸಿದ: ಹೋದ ವರ್ಷದ ಏಪ್ರಿಲ್, ಈ ವರ್ಷದ ಏಪ್ರಿಲ್, ಎರಡು ಸಲವೂ ಆರೋಗ್ಯ ಚೆನ್ನ. ಹಾಗಾದರೆ ಸತ್ತಿದೆಯೆಂದು ನೆರೆಯವರಿಬ್ಬರ ಸಹಿ ತನ್ನಿ ಎಂದ. ತಾರಾಬೇನ್ ಕಿವಿ ಮುಚ್ಚಿಕೊಂಡರು. "ಇವತ್ತು ನನ್ನ ಕೈಯಾರೆ ರೊಟ್ಟಿ ಇಟ್ಟಿದ್ದೇನೆ ಬೇನ್, ಬದುಕಿರುವ ಜೀವವನ್ನು ಸತ್ತಿದೆ ಎಂದು ಹೇಗೆ ಬರೆಯಲಿ? ಪಾಪ ತಟ್ಟುತ್ತದೆ." ಆಚೆ ಮನೆಯವರೂ ಇದನ್ನೇ ಹೇಳಿದರು. ನಮ್ಮವರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಮತ್ತೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ ಎನ್ನುವಂತೆ ಬೇಡಿಕೊಂಡಾಗ ಗುಮಾಸ್ತ, ಮೊದಲ ಸಾಲಿನಲ್ಲಿ ಜಯಾ ಅನಂತರಾಮ್ ಎಂದಿದೆ, ನಾಯಿ ಸಾಕಿದವರು ಅವರು, ಅವರು ಬರೆದುಕೊಟ್ಟರೆ ಹೊಡೆದುಹಾಕುತ್ತೇನೆ ಎಂದ.

ಅದಕ್ಕೇ ಈ ಕಾಗದ. ಬೆಲ್ಲ ಸತ್ತನೆಂದು ನೀನು ಒಂದು ಹಾಳೆಯಲ್ಲಿ ಬರೆದು ಕಳಿಸಬೇಕು. ಹೆಸರು ಹೊಡೆದರೆ ಗಾಡಿಯವರು ಅವನನ್ನು ಹುಡುಕುವುದಿಲ್ಲ, ಅವನು ಹೊರಟುಹೋಗಬಹುದು. ನನ್ನನ್ನು ಕ್ಷಮಿಸು ಎನ್ನುವ ಮುಖ ನನಗಿಲ್ಲ. ಪಟ್ಟಿಯನ್ನೂ ಬಿಲ್ಲೆಯನ್ನೂ ಈ ಕಾಗದದ ಜೊತೆಯಲ್ಲೇ ಕಳಿಸುತ್ತಿದ್ದೇನೆ, ನಿನ್ನ ಹಾಳೆಯ ಜೊತೆ ಬಿಲ್ಲೆಯನ್ನೂ ನೀನೇ ಕಚೇರಿಗೆ ಕಳಿಸು. ಮೊಳೆಯಿಂದ ತೆಗೆದು, ಹುಣಿಸೇಹಣ್ಣು ಹಚ್ಚಿ ಬಿಲ್ಲೆ ತೊಳೆದು, ಮೇಜಿನ ಮೇಲೆ ನನ್ನ ಎಡಗೈ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಸುಮಿಗೆ ಏನು ಹೇಳಬೇಕೋ ನೀನೇ ಯೋಚಿಸು

ಜಯಾ, ಈಗ ಹಿತ್ತಲ ಜಗಲಿಯಿಂದ ಅತ್ತೆ ಕೂಗಿ ಹೇಳಿದರು. "ಅಂತೂ ಇವತ್ತಾದ್ರೂ ಅದಕ್ಕೆ ಪಟ್ಟಿ ಕಟ್ಟಿದ್ಯಲ್ಲೇ ಕಾಮಾಕ್ಷಿ! ಕಿಣಿಕಿಣಿ ಅಂತ ಓಡಾಡ್ತಿದೆ. ನಾಳೆಯಿಂದ ಪಿತೃಪಕ್ಷ, ತೊಗಲು ಒಳಗೆ ಬರದ ಹಾಗೆ ನೋಡ್ಕೋ."

ನೋಡಿದೆ. ಮೇಜಿನ ಮೇಲೆ ಪಟ್ಟಿ ಇಲ್ಲ. ಬಿಲ್ಲೆ ಇದ್ದ ಜಾಗದಲ್ಲಿ ನೀರಿನ ಗುಂಡು ಗುರುತು ಮಾತ್ರ ಇದೆ. ಕೆಳಗೆ ಹುಡುಕಿದೆ, ಮಡಿಲು ಕೊಡವಿದೆ, ಮೊಳೆಯ ಮೇಲೂ ನೋಡಿ ಬಂದೆ. ಎಲ್ಲೂ ಇಲ್ಲ.

ಹಾಳೆ ಬರೆಯಬೇಡ, ಜಯಾ. ಮೇಲೆ ಕೇಳಿದ್ದನ್ನೆಲ್ಲ ಮರೆತುಬಿಡು. ಪುಸ್ತಕದಲ್ಲಿ ನನ್ನ ಹೆಸರೇ ಇರಲಿ, ಸಹಿ ಹಾಕಿದವಳು ನಾನಲ್ಲವೇ. ಬಿಲ್ಲೆ ಕುತ್ತಿಗೆಯಲ್ಲಿದೆ, ಇನ್ನು ಅವನನ್ನು ಯಾರೂ ಮುಟ್ಟುವ ಹಾಗಿಲ್ಲ. ಅತ್ತೆ ಏನೇ ಅನ್ನಲಿ, ನಾಳೆಯೂ ಬಿಚ್ಚುವುದಿಲ್ಲ, ಎಂದೂ ಬಿಚ್ಚುವುದಿಲ್ಲ. ನೀವು ಬನ್ನಿ. ಸುಮಿ ಹಿತ್ತಲ ಬಾಗಿಲಲ್ಲಿ ನಿಂತು ಅವನನ್ನು ಕರೆಯಲಿ. ಅವನು ಎಲ್ಲಿ ನಿಂತಿದ್ದಾನೆಂದು ಆ ಮಗು ನನಗೆ ಬೆರಳು ಮಾಡಿ ತೋರಿಸಿದರೆ ಸಾಕು. ನಾನು ಅವನ ಮುಂದೆ ಕೂತು ಒಂದು ಮಾತು ಹೇಳಬೇಕು.

ನಿನ್ನ ಮನೆ ತಣ್ಣಗಿರಲಿ, ಸುಮಿ ನೂರು ವರ್ಷ ಬಾಳಲಿ. ಅವಳು ಕರೆದಾಗ ಓಗೊಡುವವರು ಯಾವತ್ತೂ ಹತ್ತಿರದಲ್ಲೇ ಇರಲಿ.

ನಿನ್ನ ಬೈಗುಳಕ್ಕೆ ಕಾದಿರುವ,
ಕಾಮಾಕ್ಷಿ
(ಲೈಸೆನ್ಸ್ ನಂಬರ್ ೪೧೭ರ ಜವಾಬ್ದಾರಳು)