ಗೋಡೆಯ ಮೇಲಿನ ಪೂರ್ಣವಿರಾಮ

ಶೆಟ್ಟಿಹಳ್ಳಿ, ಫೆಬ್ರವರಿ 10, 2025, ಸೋಮವಾರ. ನಮ್ಮ ಚರ್ಚಿನ ಕಸ ಗುಡಿಸುವ ದ್ರೌಪದಮ್ಮನನ್ನು ನಿನ್ನೆ ಆರಾಧನೆ ಮುಗಿದ ಮೇಲೆ ಗೇಟಿನ ಬಳಿ ನಿಲ್ಲಿಸಿ ಕೆಲಸದಿಂದ ತೆಗೆಯಲಾಯಿತು. ಆಕೆಯ ತಪ್ಪು: ಅದರ ಹಿಂದಿನ ಭಾನುವಾರ ಮನೆಯಲ್ಲಿ ಮಲಗಿದ್ದು.

ಮಾನ್ಯ ಸಭಾಪಾಲಕರೇ,

ವಾರಕ್ಕೊಂದು ದಿನ ದುಡಿಮೆ ನಿಲ್ಲಿಸಿ ಸಬ್ಬತ್ತನ್ನು ಆಚರಿಸಿದ ಅಪರಾಧಕ್ಕಾಗಿ ಒಬ್ಬ ಹೆಂಗಸನ್ನು ಕೆಲಸದಿಂದ ತೆಗೆದ ಕೀರ್ತಿ ನಿಮ್ಮದು. ನಿನ್ನೆಯ ನಿಮ್ಮ ಪ್ರಸಂಗ ವಿಶ್ರಾಂತಿಯ ಬಗ್ಗೆಯೇ ಇತ್ತು. ವಿಶ್ರಾಂತಿ ದೇವರ ಕೊಡುಗೆ, ಅದನ್ನು ತಿರಸ್ಕರಿಸುವವನು ದೇವರನ್ನೇ ತಿರಸ್ಕರಿಸುತ್ತಾನೆ ಎಂದಿರಿ. ನಾವು ಆಮೆನ್ ಅಂದೆವು. ಆಮೇಲೆ ನೀವು ಹೊರಗೆ ಬಂದು, ಚಹಾದ ಲೋಟಗಳನ್ನು ಆಯುತ್ತಿದ್ದ ದ್ರೌಪದಮ್ಮನನ್ನು ಕರೆದಿರಿ. ನಾನು ಚಪ್ಪಲಿ ಹುಡುಕುತ್ತ ಪಕ್ಕದಲ್ಲೇ ಇದ್ದೆ.

"ಹೋದ ವಾರ ಯಾಕಮ್ಮ ಬರ್ಲಿಲ್ಲ?"

"ಎಂಗ್ ಬರ್ಲಿ ಸ್ವಾಮಿ, ಸೊಂಟ ಇಡ್ಕೊಂಡಿತ್ತು. ಮಲಿಕೊಂಡ್ಬಿಟ್ಟೆ."

"ಭಾನುವಾರಾನೇ ಮಲಗ್ಬೇಕಾ? ಸೋಮವಾರ ಮಲಗೋಕಾಗಲ್ವಾ?"

"ಸೋಮವಾರ ಅಪಾರ್ಟ್‌ಮೆಂಟ್ ಕೆಲ್ಸ ಐತಲ್ಲ ಸ್ವಾಮಿ. ಅವ್ರು ಬಿಡ್ತಾರಾ?"

"ಹಂಗಾದ್ರೆ ಇನ್ಮೇಲೆ ದಿನಾ ಮಲಗು. ಇಲ್ಲಿಗೆ ಬರೋದು ಬೇಡ."

ಸುತ್ತ ನಿಂತಿದ್ದವರಲ್ಲಿ ಇಬ್ಬರು ನಕ್ಕರು. ನಿಮ್ಮ ಮಾತಿನ ಚುರುಕನ್ನು ಮೆಚ್ಚಿಯೇ ಇರಬೇಕು.

ಇನ್ನು ಗೋಡೆಯ ವಿಷಯ. ಪ್ರವೇಶದ್ವಾರದ ಬಲಕ್ಕೆ ನೀವು ಹೋದ ಕ್ರಿಸ್‌ಮಸ್‌ಗೆ ನೀಲಿ ಬಣ್ಣದ ಮೇಲೆ ಚಿನ್ನದ ಅಕ್ಷರಗಳಲ್ಲಿ ಸಬ್ಬತ್ತಿನ ಆಜ್ಞೆಯನ್ನು ಬರೆಸಿದ್ದೀರಿ. ಏಳನೆಯ ದಿನ ನೀನು ಯಾವ ಕೆಲಸವನ್ನೂ ಮಾಡಬಾರದು ಎಂಬಲ್ಲಿಗೆ ಅದು ಮುಗಿಯುತ್ತದೆ. ಕೊನೆಯಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಪೂರ್ಣವಿರಾಮ. ನಾನು ಅನುವಾದದ ಕಾದಂಬರಿಗಳನ್ನು ಓದುವವಳು. ಅನುವಾದಕ ಎಲ್ಲಿ ಸಾಲು ನುಂಗಿದ್ದಾನೆ ಎಂಬುದು ಸಾಮಾನ್ಯವಾಗಿ ತಿಳಿದುಬಿಡುತ್ತದೆ. ಇಲ್ಲಿ ನುಂಗಿದವರು ನೀವು. ಆ ವಾಕ್ಯ ಅಲ್ಲಿ ಮುಗಿಯುವುದಿಲ್ಲ. ನಿನ್ನ ಮಕ್ಕಳು, ನಿನ್ನ ಆಳುಕಾಳು, ನಿನ್ನ ದನಕರು, ಕಡೆಗೆ ನಿನ್ನ ಬಾಗಿಲೊಳಗಿರುವ ಪರದೇಶಿ ಕೂಡ ಅಂದು ದುಡಿಯಬಾರದು ಎಂದು ಮುಂದುವರಿಯುತ್ತದೆ. ಗೋಡೆಯಲ್ಲಿ ಜಾಗವಿರಲಿಲ್ಲವೇ? ಕೆಳಗೆ ಉದ್ಘಾಟಕರಾದ ನಿಮ್ಮ ಹೆಸರಿಗೆ ಜಾಗ ಸಿಕ್ಕಿತಲ್ಲ! ನಮಗೆ ಪೂರ್ಣವಿರಾಮ, ದ್ರೌಪದಮ್ಮನಿಗೆ ಅಲ್ಪವಿರಾಮವೂ ಇಲ್ಲ.

ನಿಮ್ಮ ಉತ್ತರ ನನಗೆ ಗೊತ್ತು. ಸಬ್ಬತ್ ಯೆಹೂದ್ಯರ ಶನಿವಾರ, ಕ್ರೈಸ್ತರಾದ ನಾವು ಧರ್ಮಶಾಸ್ತ್ರಕ್ಕಲ್ಲ, ಕೃಪೆಗೆ ಅಧೀನರು ಎನ್ನುತ್ತೀರಿ. ಒಪ್ಪಿದೆ. ಹಾಗಿದ್ದರೆ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಭಾನುವಾರದ ಶಿಫ್ಟ್ ಮಾಡುತ್ತಾಳೆಂದು ನಮ್ಮ ಸಭೆಯ ವನಿತಾಳನ್ನು ಹಾಡುವ ಕ್ವಾಯರ್‌ನಿಂದ ಕೈಬಿಟ್ಟಿರಲ್ಲ, ಆಗ ಕೃಪೆ ಎಲ್ಲಿಗೆ ಹೋಗಿತ್ತು? ಭಾನುವಾರ ದುಡಿದವಳು ಹೊರಗೆ, ಭಾನುವಾರ ದುಡಿಯದವಳೂ ಹೊರಗೆ. ನಿಮ್ಮನ್ನು ಮೆಚ್ಚಿಸಲು ಹೆಂಗಸರು ಭಾನುವಾರ ಏನು ಮಾಡಬೇಕು? ಸ್ವಲ್ಪ ಬಿಡಿಸಿ ಹೇಳಿ.

ಆಕೆ ಹಿಂದೂ, ಆಕೆಗೇಕೆ ಸಬ್ಬತ್ತು ಎಂದೂ ಕೇಳುತ್ತೀರಿ. ಅದಕ್ಕೇ ಅಲ್ಲವೇ ಆ ವಾಕ್ಯದಲ್ಲಿ ಪರದೇಶಿ ಇರುವುದು? ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮರಾಗಿ ಒಂದು ದಿನದ ಬಿಡುವೂ ಕಾಣದೆ ಇಟ್ಟಿಗೆ ಹೊತ್ತ ಜನಕ್ಕೆ ಕೊಟ್ಟ ಆಜ್ಞೆ ಅದು. ಕೆಲಸ ಮಾಡುವವನಿಗಿಂತ ಮೊದಲು ಕೆಲಸ ಹೇಳುವವನನ್ನು ಅದು ಹಿಡಿದು ನಿಲ್ಲಿಸುತ್ತದೆ. ಕ್ರೈಸ್ತನ ಸಬ್ಬತ್ತು ಪರಿಶುದ್ಧವಾಗುವುದು ಅವನು ಎಷ್ಟು ಹೊತ್ತು ಮೊಣಕಾಲೂರಿದ ಎಂಬುದರಿಂದಲ್ಲ, ಅವನಿಂದಾಗಿ ಯಾರ ಸೊಂಟ ನೆಟ್ಟಗಾಯಿತು ಎಂಬುದರಿಂದ. ಆ ಭಾನುವಾರ ನಾವೆಲ್ಲ ಹಾಡಿದೆವು, ಚಹಾ ಕುಡಿದೆವು, ಲೋಟಗಳನ್ನು ಬೆಂಚಿನ ಕೆಳಗೆ ಬಿಟ್ಟು ಎದ್ದೆವು. ಸಬ್ಬತ್ತನ್ನು ಆಚರಿಸಿದವಳು ಚಾಪೆಯ ಮೇಲೆ ಮಲಗಿದ್ದ ದ್ರೌಪದಮ್ಮ ಒಬ್ಬಳೇ.

ನಿನ್ನೆ ಸಂಜೆ ಆಕೆಯ ಮನೆಗೆ ಹೋಗಿದ್ದೆ. ಪರದೇಶಿಗೂ ರಜೆ ಕೊಡಬೇಕೆಂದು ನಮ್ಮ ಧರ್ಮದಲ್ಲಿದೆ ಎಂದು ಹೇಳಿದೆ. ಸಮಾಧಾನವಾದೀತು ಎಂದುಕೊಂಡಿದ್ದೆ.

"ನಾನ್ಯಾಕವ್ವ ಪರದೇಶಿ ಆಗ್ಲಿ?" ಎಂದು ರೇಗಿದಳು. "ನಿಮ್ ಚರ್ಚು ನಿಂತಿರೋದು ನಮ್ ಮಾವನ ರಾಗಿ ಒಲದಾಗೆ. ಪರದೇಶಿಗಳು ನೀವು ಕಣವ್ವ!" ತನ್ನ ಮಾತಿಗೆ ತಾನೇ ನಕ್ಕಳು. ನಗುವಾಗ ಸೊಂಟ ಹಿಡಿದುಕೊಂಡಳು. ನಾನು ಹೊರಡುವಾಗ ಮಾತ್ರ ದನಿ ತಗ್ಗಿಸಿ, "ಎಲ್ಲಾರ ಕೆಲ್ಸ ಇದ್ರೆ ನೋಡವ್ವ," ಎಂದಳು. ಹೊಲ ಹೋಯಿತು, ಈಗ ಅದೇ ಹೊಲದ ಕಸ ಗುಡಿಸುವ ಕೆಲಸವೂ ಹೋಯಿತು.

ಆದ್ದರಿಂದ ನನ್ನ ಬೇಡಿಕೆ, ಕೋರಿಕೆಯಲ್ಲ: ದ್ರೌಪದಮ್ಮನನ್ನು ಹೊರಗಟ್ಟಿದ ಗೇಟಿನಲ್ಲೇ ನಿಂತು, ಅಷ್ಟೇ ಜನರ ಎದುರಿಗೆ ವಾಪಸ್ ಕರೆಯಿರಿ. ಭಾನುವಾರ ಆಕೆಗೆ ರಜೆ. ಅಂದು ನಮ್ಮ ಲೋಟ ನಾವೇ ತೊಳೆಯೋಣ. ಆ ಪೂರ್ಣವಿರಾಮಕ್ಕೆ ಒಂದು ಬಾಲ ಎಳೆಸಿ, ಉಳಿದ ಮಾತನ್ನೂ ಬರೆಸಿ.

ಅಲ್ಲಿಯವರೆಗೆ ನಾನೊಂದು ತೀರ್ಮಾನ ಮಾಡಿದ್ದೇನೆ. ಶನಿವಾರ ಸಂಜೆಯ ಪ್ರಾರ್ಥನೆಗೆ ಬಂದಾಗ ಬಾಗಿಲ ಹಿಂದಿನ ಪೊರಕೆಯನ್ನು ಮನೆಗೆ ಒಯ್ಯುತ್ತೇನೆ. ಭಾನುವಾರದ ಕಸ ನಿಮ್ಮ ಪ್ರಸಂಗವನ್ನು ಪೂರ್ತಿ ಕೇಳಲಿ. ಕದಿಯಬಾರದೆಂಬ ಆಜ್ಞೆಯೂ ಇದೆ, ಬಲ್ಲೆ. ಅದನ್ನು ನೀವು ಇನ್ನೂ ಗೋಡೆಯ ಮೇಲೆ ಬರೆಸಿಲ್ಲ. ಇವತ್ತು ಸೋಮವಾರ. ಪೊರಕೆ ಸದ್ಯ ಅಲ್ಲೇ ಇದೆ.

ಇಂತಿ,
ಎಡಗಡೆಯ ಕೊನೆಯ ಬೆಂಚಿನಲ್ಲಿ ಕೂತು ಇಷ್ಟು ವರ್ಷ ಆಮೆನ್ ಬಿಟ್ಟು ಬೇರೇನೂ ಹೇಳದ
ಜಯಶೀಲಾ ಸಮುವೇಲ್
(ದ್ರೌಪದಮ್ಮನ ಲೆಕ್ಕದಲ್ಲಿ, ಪರದೇಶಿ)